ನಮ್ಮ ಬಿಯರಂಗಡಿಯ ಏಳು ಕಮಾನುಗಳ ಬಗ್ಗೆ

ದುಂಡುಕಮಾನುಗಳ ದೊರೆ, ಕೆಂಪಿಟ್ಟಿಗೆಯ ಕುಲತಿಲಕ, ನಮ್ಮೂರಿನ ಕಟ್ಟಡಾಧಿಕಾರಿ ಮಾನ್ಯ ಆಲೋಯಿಸ್ ವೀಡೆನ್‌ಬಾಖ್ ಅವರ ಸನ್ನಿಧಾನಕ್ಕೆ, ಡಾನ್ಯೂಬ್ ದಡದ ಬಿಯರಂಗಡಿಯ ವಿಧವೆ ಕ್ರೆಸೆನ್ಸ್ ಹಿಂಟರ್‌ಮಾಯರ್ ಸೊಂಟ ಬಗ್ಗುವಷ್ಟೂ ಬಗ್ಗಿ ಮಾಡುವ ವಂದನೆಗಳು.

ಮಾನ್ಯರೇ, ಬೆಂಕಿಗೆ ಆಹುತಿಯಾದ ನನ್ನ ಮರದಂಗಡಿಯ ಜಾಗದಲ್ಲಿ ತಾವೇ ಕೃಪೆಯಿಟ್ಟು ನಕ್ಷೆ ಬರೆದು, ಏಳು ಕಮಾನುಗಳ ಇಟ್ಟಿಗೆ ಕಟ್ಟಡ ಎಬ್ಬಿಸಿಕೊಟ್ಟಿರಿ. ಆಹಾ, ಎಂಥ ಕಟ್ಟಡ! ಒಳಗೆ ಕಾಲಿಟ್ಟವರೆಲ್ಲ ತಾವಾಗಿಯೇ ಟೋಪಿ ತೆಗೆಯುತ್ತಾರೆ, ಲೋಟ ತೊಳೆಯಲು ಬಾಗಿಲ ಬಳಿ ಇಟ್ಟ ನೀರನ್ನು ಚರ್ಚಿನ ಪವಿತ್ರಜಲವೆಂದು ತಿಳಿದು ಬೆರಳದ್ದಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ, ಒಂದೇ ಲೋಟ ಬಿಯರನ್ನು ಪಿಸುಗುಟ್ಟುತ್ತ ಮುಗಿಸಿ, ನಂಜಿಕೊಳ್ಳಲು ಕೊಟ್ಟ ಮೂಲಂಗಿಯನ್ನು ಸದ್ದಾಗದಂತೆ ಅಗಿದು, ನೆಟ್ಟಗೆ ಮನೆಗೆ ಹೋಗುತ್ತಾರೆ. ಇಪ್ಪತ್ತು ವರ್ಷ ನನ್ನ ಮೇಲೆ ಹಲ್ಲು ಮಸೆಯುತ್ತಿದ್ದ ಹೆಂಗಸರೇ ಈಗ "ನಮ್ಮೆಜಮಾನ್ರನ್ನ ದಿನಾ ಕಳಿಸ್ತೀವಿ ಕಣಮ್ಮಾ, ನಿನ್ನ ಹೊಟ್ಟೆ ತಣ್ಣಗಿರ್ಲಿ" ಎನ್ನುತ್ತಾರೆ. ಹಾಡಿಲ್ಲ, ಜಗಳವಿಲ್ಲ, ಎರಡನೆಯ ಲೋಟವಂತೂ ಇಲ್ಲವೇ ಇಲ್ಲ. ಪೀಪಾಯಿಗಳು ಹೀಗೇ ತುಂಬಿ ಕೂತರೆ ಸೆಪ್ಟೆಂಬರ್ ಕೊನೆಯ ಮಿಕಾಯಲನ ಹಬ್ಬಕ್ಕೆ ಅಂಗಡಿ ಮುಚ್ಚಿ ಎಂದು ನನಗೆ ಪೀಪಾಯಿ ಒದಗಿಸುವ ಬಿಯರ್ ಭಟ್ಟಿಯವರು ಹೇಳಿ ಕಳಿಸಿದ್ದಾರೆ. ಗಂಡ ಬಿಟ್ಟುಹೋದದ್ದು ಇದೊಂದೇ ಅಂಗಡಿ, ಮಾನ್ಯರೇ, ನನಗೆ ಭಯವಾಗಿದೆ.

ಹೋದ ಶನಿವಾರ ಹಿಟ್ಟಿನ ಗಿರಣಿಯ ಕ್ವಿರಿನ್ ಬಂದವನೇ, ನಾನು ಬಿಯರ್ ತುಂಬಿಕೊಡುವ ಕಿಟಕಿಯ ಜಾಲರಿಯ ಮುಂದೆ, ಆಚೆ ಪಾದ್ರಿಯೇ ಕೂತಂತೆ, ಮೊಣಕಾಲೂರಿ, "ಹಿಟ್ಟಿಗೆ ಸುಣ್ಣ ಬೆರೆಸ್ದೆ, ತಪ್ಪಾಯ್ತು" ಎಂದು ಪಾಪನಿವೇದನೆ ಶುರುಮಾಡಿದ. "ಏಳೋ ಮಾರಾಯಾ, ಇದು ಚರ್ಚಲ್ಲ" ಎಂದರೆ, "ಹಂಗಾದ್ರೆ ಈ ಕಮಾನು ಯಾಕೆ?" ಎಂದು ನನ್ನನ್ನೇ ಕೇಳಿದ. ಪ್ರಾಯಶ್ಚಿತ್ತಕ್ಕೆ ಮೂರು ಲೋಟ ಕುಡಿ ಎಂದೆ. ಆ ವಾರದ ಒಳ್ಳೆಯ ವ್ಯಾಪಾರ ಅದೊಂದೇ.

ಒಂದೇ ಒಂದು ಬಾಗಿಲಿನ ತಲೆಯನ್ನು ನೇರ ಮಾಡಲು ಅಪ್ಪಣೆ ಬೇಡಿ ಮೂರು ಸಲ ಬರೆದೆ, ಮೂರು ಸಲವೂ ನೇರ ಗೆರೆ ಒರಟುತನವೆಂದು ತಾವು ತಿದ್ದಿ ಹೇಳಿದಿರಿ. ಹಾಗಿದ್ದರೆ ಪಾದ್ರಿಯ ಭಾನುವಾರದ ಬಲಿಪೂಜೆಯನ್ನು ನನ್ನ ಅಂಗಡಿಗೂ ನನ್ನ ಪೀಪಾಯಿಗಳನ್ನು ಚರ್ಚಿಗೂ ವರ್ಗಾಯಿಸಿಬಿಡಿ. ಗೋಡೆಗಳಿಗೇನೂ ವ್ಯತ್ಯಾಸ ತಿಳಿಯುವುದಿಲ್ಲ.

ತಮ್ಮ ವಿಶ್ವಾಸಿ,
ಕ್ರೆಸೆನ್ಸ್ ಹಿಂಟರ್‌ಮಾಯರ್

ವಿ.ಸೂ.: ಮೊನ್ನೆ ಮಂಗಳವಾರ ತಾವೂ ದಯಮಾಡಿಸಿ, ಟೋಪಿ ತೆಗೆದು, ಅದೇ ಜಾಲರಿಯ ಮುಂದೆ ಮೊಣಕಾಲೂರಿ, "ರೈಲು ಸ್ಟೇಷನ್ನು, ಜೈಲು, ಚರ್ಚು, ನಿಮ್ಮಂಗ್ಡಿ, ಎಲ್ಲಕ್ಕೂ ಒಂದೇ ನಕ್ಷೆ ಕಣಮ್ಮಾ, ಬೋರ್ಡು ಮಾತ್ರ ಬೇರೆ, ಯಾರ ಮುಂದೂ ಬಾಯಿ ಬಿಡ್ಬೇಡಿ" ಎಂದಿರಿ. ಪಾಪನಿವೇದನೆ ಕೇಳಿದ ಪಾದ್ರಿಯಾದರೆ ಸತ್ತರೂ ಬಾಯಿ ಬಿಡುತ್ತಿರಲಿಲ್ಲ, ನಾನು ಬಿಯರ್ ಮಾರುವವಳು. ಈ ಪತ್ರದ ಪ್ರತಿಗಳನ್ನು ಸ್ಟೇಷನ್ನು, ಜೈಲು, ಚರ್ಚುಗಳ ಬಾಗಿಲಿಗೆ ಅಂಟಿಸಿದ್ದೇನೆ. ಮೂರೂ ಬಾಗಿಲು ಒಂದೇ ಅಳತೆಯವಾದ್ದರಿಂದ ಏನೂ ತೊಂದರೆಯಾಗಲಿಲ್ಲ.