ನನ್ನ ಪ್ಯಾಂಟು ಸುಳ್ಳು ಹೇಳಲ್ಲ

ನನಗೆ ಸಿಟ್ಟು ಜಾಸ್ತಿ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಸುಳ್ಳು. ಹಾಗೆ ಹೇಳಿದವರ ಮೇಲೆ ಮಾತ್ರ ಬರುತ್ತದೆ. ಆದರೆ ಅವತ್ತು ಡಾಕ್ಟರಮ್ಮನ ಮುಂದೆ ಕೂಗಾಡಿದ್ದಕ್ಕೆ ಕಾರಣವಿತ್ತು. ಹೊಟ್ಟೆಯ ಸ್ಕ್ಯಾನ್ ಹಿಡಿದುಕೊಂಡು ಆಕೆ ತಲೆಯ ಸುದ್ದಿ ಎತ್ತಿದರು.

"ಲಿವರ್‌ನಲ್ಲಿ ಕೊಬ್ಬು ತುಂಬಿದೆ. ಇಂಥವರಿಗೆ ಮೆದುಳಿನ ರಕ್ತನಾಳ ಗಟ್ಟಿಯಾಗೋದೂ ಜಾಸ್ತಿ ಕಾಣ್ತಿದೆ. ತೂಕ ಇಳಿಸಿ."

"ಲಿವರ್ ಇರೋದು ಸೊಂಟದ ಮೇಲೆ, ಮೆದುಳು ಇರೋದು ಕಾಲರ್ ಮೇಲೆ! ಪ್ಯಾಂಟ್ ಬಿಗಿಯಾದ್ರೆ ಟೋಪಿ ಹರಿಯುತ್ತೇನ್ರೀ?" (ನಾನು ದರ್ಜಿ. ಓದಿದ್ದು ನಾಲ್ಕನೇ ಕ್ಲಾಸು. ಉಳಿದ ಜ್ಞಾನಸಾಗರವೆಲ್ಲ ಟೇಪಿನಿಂದ ಬಂದದ್ದು.)

"ಎರಡೂ ಕಡೆ ಓಡೋದು ಒಂದೇ ರಕ್ತ ಅಲ್ವಾ ಮಾಸ್ಟ್ರೇ? ಯಾವುದು ಯಾವುದನ್ನ ಎಳ್ಕೊಂಡು ಬರುತ್ತೆ ಅಂತ ದೊಡ್ಡ ದೊಡ್ಡೋರು ಇನ್ನೂ ಹುಡುಕ್ತಿದ್ದಾರೆ. ಅವರಿಗೆ ಸಿಗೋವರೆಗೂ ನೀವು ದಿನಾ ಮುಕ್ಕಾಲು ಗಂಟೆ ನಡೀರಿ."

ಪಕ್ಕದಲ್ಲಿದ್ದ ಹೆಂಡತಿ ನನ್ನ ಬಲಗೈಯನ್ನೇ ನೋಡುತ್ತಿದ್ದಳು. ಅವಳು ನೆನೆಯುತ್ತಿದ್ದುದು ಯಾರನ್ನೆಂದು ನನಗೆ ಗೊತ್ತಿತ್ತು. ನನ್ನ ಅಣ್ಣನೂ ದರ್ಜಿ. ತಲೆಯೊಳಗೊಂದು ನಾಳ ಕಟ್ಟಿಕೊಂಡು, ಅವನ ಬಲಗೈ ಕತ್ತರಿ ಬಿಟ್ಟು ನಾಲ್ಕು ವರ್ಷವಾಯಿತು. ಅಂಗಿಯ ಗುಂಡಿ ಹಾಕಿಕೊಳ್ಳಲೂ ಅತ್ತಿಗೆ ಬೇಕು.

ಮೂರು ದಿನ ನಡೆದೆ. ನಾಲ್ಕನೇ ದಿನ ಬೇಸರವಾಯಿತು. ತೂಕದ ಯಂತ್ರವೆಲ್ಲ ಮೋಸ, ಎರಡು ವಾರಕ್ಕೊಮ್ಮೆ ನನ್ನ ಬೂದು ಪ್ಯಾಂಟು ಹಾಕಿ ನೋಡುತ್ತೇನೆ, ಅದೇ ಸಾಕ್ಷಿ ಎಂದು ಘೋಷಿಸಿದೆ. ನಾನೇ ಕತ್ತರಿಸಿ ನಾನೇ ಹೊಲಿದದ್ದು.

"ನನ್ನ ಪ್ಯಾಂಟು ಸುಳ್ಳು ಹೇಳಲ್ಲ ಕಣೇ!"

"ನೀವು ಹೊಲಿದದ್ದಲ್ವಾ, ಹೇಗೆ ಹೇಳುತ್ತೆ?" ಅಂದಳು. ಆ ವಿನಯ ನೋಡಿಯೇ ನನಗೆ ಅನುಮಾನ ಬರಬೇಕಿತ್ತು.

ಎರಡು ವಾರ ಕಳೆದು ಹಾಕಿಕೊಂಡರೆ ಸೊಂಟದ ಹುಕ್ಕು ಕೂಡುತ್ತಿಲ್ಲ!

"ಬಟ್ಟೆ ಕುಗ್ಗಿದೆ!" ಗುಡುಗಿದೆ.

"ನೀರಲ್ಲಿ ನೆನೆಸದೆ ಕತ್ತರಿ ಮುಟ್ಟಿಸಲ್ಲ ಅಂತ ಗಿರಾಕಿಗಳ ಮುಂದೆ ಎದೆ ತಟ್ಕೋತೀರಲ್ಲ?"

ಬಟ್ಟೆ ಕುಗ್ಗಿದೆ ಎಂದರೆ ಕಸುಬಿಗೆ ಅವಮಾನ; ನಾನು ಉಬ್ಬಿದ್ದೇನೆ ಎಂದರೆ ಹೊಟ್ಟೆಗೆ ಮಾತ್ರ. ಎರಡನೆಯದನ್ನು ಒಪ್ಪಿಕೊಂಡೆ. ಮುಕ್ಕಾಲು ಗಂಟೆ ಒಂದೂವರೆ ಗಂಟೆಯಾಯಿತು. ಕರಿದದ್ದು ಬಿಟ್ಟೆ, ಸಿಹಿ ಬಿಟ್ಟೆ. ಪ್ಯಾಂಟು ಮತ್ತೂ ಬಿಗಿಯಾಯಿತು. ನೆರೆಮನೆಯ ನಾಯಿ ನನಗೆ ಬೊಗಳುವುದು ಬಿಟ್ಟು ಜೊತೆಗೇ ನಡೆಯತೊಡಗಿತು. ಅದು ಸಣ್ಣಗಾಯಿತು. ನಾನಿಲ್ಲ.

ನಾಲ್ಕು ತಿಂಗಳಾದ ಮೇಲೆ ಡಾಕ್ಟರಮ್ಮ ಮತ್ತೆ ತೂಗಿ, ಸ್ಕ್ಯಾನ್ ಮಾಡಿಸಿದರು.

"ಒಂಬತ್ತು ಕೆಜಿ ಇಳಿದಿದ್ದೀರಿ! ಲಿವರ್ ಕೊಬ್ಬು ಎಷ್ಟೋ ಕರಗಿದೆ, ಬಿಪಿ ಹದಕ್ಕೆ ಬಂದಿದೆ."

"ನಿಮ್ಮ ಯಂತ್ರ ಕೆಟ್ಟಿದೆ! ಈ ಪ್ಯಾಂಟಲ್ಲಿ ಉಸಿರಾಡೋಕಾಗ್ತಿಲ್ಲ, ನೋಡಿ!"

ಆಕೆ ನನ್ನ ಸೊಂಟಕ್ಕೆ ಟೇಪು ಸುತ್ತಿದರು. ಮೂವತ್ತಾರು ಇಂಚು. ನಾನು ಆ ಪ್ಯಾಂಟು ಕತ್ತರಿಸಿದ್ದು ನಲವತ್ತಕ್ಕೆ.

ಹೆಂಡತಿ ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದಳು.

ಮನೆಗೆ ಬಂದವನೇ ಪ್ಯಾಂಟು ಕಳಚಿ ಒಳಮಗ್ಗುಲು ತಿರುವಿದೆ. ಹಿಂಭಾಗದ ಜೋಡಣೆಯಲ್ಲಿ ಬಿಚ್ಚಿದ ಹೊಲಿಗೆಯ ಸೂಜಿತೂತುಗಳು, ಒಂದಲ್ಲ, ಏಳು ಸಾಲು! ನಾನು ನಡೆಯಲು ಹೋದಾಗಲೆಲ್ಲ ಮುಂದಿನ ಕೋಣೆಯ ನನ್ನದೇ ಮಿಶನ್ನಿಗೆ ಕೂತು, ಸೊಂಟಪಟ್ಟಿ ಬಿಚ್ಚಿ, ಒಳಗೆ ಹಿಡಿದು, ಹೊಲಿದು, ಇಸ್ತ್ರಿ ಮಾಡಿಟ್ಟಿದ್ದಾಳೆ. ನಾನು ಎಷ್ಟು ಇಳಿದರೂ ಅವಳು ಅರ್ಧ ಇಂಚು ಮುಂದೆ.

ಕೂಗಲು ಬಾಯಿ ತೆರೆದೆ. ಕಣ್ಣು ಹೊಲಿಗೆ ಬಿಟ್ಟು ಏಳಲಿಲ್ಲ. ಒಂದು ಸುಕ್ಕಿಲ್ಲ, ಒಂದೆಳೆ ಆಚೀಚೆ ಇಲ್ಲ. "ನಿನ್ನ ಕೈ ನೇರ ಓಡಲ್ಲ" ಎಂದು ಇಪ್ಪತ್ತೆರಡು ವರ್ಷ ಇವಳಿಗೆ ಕಾಜ, ಗುಂಡಿ ಬಿಟ್ಟು ಬೇರೇನೂ ಕೊಟ್ಟವನಲ್ಲ ನಾನು. ಏಳು ಸಲ ಹಾಕಿ ನೋಡಿದರೂ ಈ ಮಹಾಮಾಸ್ಟರಿಗೆ ಗೊತ್ತಾಗಿಲ್ಲ!

"ಎಲ್ಲಿ ಕಲಿತೆ?"

"ನಿಮ್ಮ ಬೈಗುಳದಲ್ಲಿ. ಕೆಲಸ ಬಿಟ್ಟು ಓಡಿಹೋದ ಹುಡುಗರಿಗೆಲ್ಲ ಹೇಗೆ ಹೊಲೀಬೇಕು ಅಂತ ಸರಿಯಾಗಿಯೇ ಬೈತಿದ್ರಿ." ಆಮೇಲೆ ದನಿ ತಗ್ಗಿಸಿದಳು. "ಭಾವನ ಕೈ ನೋಡಿದ್ದೀನ್ರೀ. ನಿಮ್ಮ ಅಂಗಿ ಗುಂಡಿ ನೀವೇ ಹಾಕ್ಕೋಬೇಕು, ಅಷ್ಟೇ."

ಈಗ ಪ್ಯಾಂಟುಗಳೆಲ್ಲ ಅವಳ ಪಾಲು. ಗಿರಾಕಿಗಳು ಒಳಗೆ ಬಂದು, ನನ್ನನ್ನು ದಾಟಿ ನೋಡುತ್ತಾ, "ಮಾಸ್ಟ್ರು ಇದ್ದಾರಾ?" ಎನ್ನುತ್ತಾರೆ. "ಇದ್ದಾರೆ, ಕೂತ್ಕೊಳ್ಳಿ" ಎಂದು ನಾನು ಕಾಜ ಮುಂದುವರಿಸುತ್ತೇನೆ. (ಸಿಟ್ಟು ಬರುತ್ತದೆ. ಆದರೆ ಬೂದು ಪ್ಯಾಂಟು ಇನ್ನೂ ಅವಳ ಹತ್ತಿರವೇ ಇದೆ.)