ಅಲ್ಲಾಡಿಸಿ ನೋಡುವ ಪದ್ಧತಿ ಹಾಗೂ ಸಿರಿಯ ಆಟದ ಕಂಪ್ಯೂಟರ್ ಕುರಿತು

ಮನೆವಾರ್ತೆ ಇಲಾಖೆ
ಕಾರ್ಯಾಲಯ: ನಡುಮನೆ, ಎರಡನೇ ಕಂಬದ ಪಕ್ಕ, ಕಣಕಟ್ಟೆ, ಅರಸೀಕೆರೆ ತಾಲ್ಲೂಕು

ಸಂಖ್ಯೆ: ಮವಾ/ಆಕಂ/ಸಿರಿ/17/2025-26
ದಿನಾಂಕ: ಭಾನುವಾರ, ತಿಂಡಿಯ ನಂತರ

ಪರಿಷ್ಕೃತ ಸುತ್ತೋಲೆ

ವಿಷಯ: ಕುಮಾರಿ ಸಿರಿ ಇವರು ಮೊದಲ ಬಾರಿಗೆ ಸ್ವಹಸ್ತದಿಂದ ಜೋಡಿಸುತ್ತಿರುವ ಆಟದ ಕಂಪ್ಯೂಟರಿಗೆ ಬಿಡಿಭಾಗಗಳ ಆಯ್ಕೆ, ತಪಾಸಣೆ ಹಾಗೂ ಅಟ್ಟದಿಂದ ಇಳಿಸಿಕೊಳ್ಳುವ ಬಗ್ಗೆ.

ಉಲ್ಲೇಖ:
1. ಇದೇ ಇಲಾಖೆಯ ಸುತ್ತೋಲೆ ಸಂಖ್ಯೆ 16, ಹೋದ ಸೋಮವಾರದ್ದು.
2. ಸದರಿ ಸುತ್ತೋಲೆಯ ವಿರುದ್ಧ ಸಿರಿಯ ಅಜ್ಜಿ ಶ್ರೀಮತಿ ಸುಮಿತ್ರಮ್ಮನವರು ಅಡುಗೆಮನೆಯಿಂದ ಸಲ್ಲಿಸಿದ ಮೌಖಿಕ ಆಕ್ಷೇಪಣೆ (ಎರಡು ದಿನ ನಡೆದದ್ದು).
3. ಕುಮಾರಿ ಸಿರಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಟ್ಟ ಅರ್ಜಿ.

ಪ್ರಸ್ತಾವನೆ:

ಬಿ.ಕಾಂ. ಕೊನೆಯ ವರ್ಷದಲ್ಲಿರುವ ಸಿರಿ ಎಂಟು ತಿಂಗಳಿಂದ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಪ್ರೊಸೆಸರ್, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಕೊನೆಗೂ ಒಂದು ಪಟ್ಟಿಯನ್ನು ಅಖೈರು ಮಾಡಿರುವುದು ಸರಿಯಷ್ಟೆ. ಇದಕ್ಕೆ ಒಪ್ಪಿಗೆ ಕೊಡುವಾಗ ಆಕೆಯ ತಂದೆ ಇಂದ್ರೇಶ್ ಅವರು ಒಂದು ಷರತ್ತು ಹಾಕಿರುತ್ತಾರೆ. ಇಂದಿನ ಭಾನುವಾರ ಮಧ್ಯಾಹ್ನದ ಊಟದೊಳಗೆ ಪೆಟ್ಟಿಗೆ ಚಾಲೂ ಆಗತಕ್ಕದ್ದು. ಆಗದಿದ್ದಲ್ಲಿ ಸಾಮಾನನ್ನೆಲ್ಲ ವಾಪಸು ಕಳಿಸಿ, ಅರಸೀಕೆರೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಸೋದರಮಾವ ಲಕ್ಷ್ಮೀಶ ಅವರಿಂದ ಸಿದ್ಧ ಕಂಪ್ಯೂಟರ್ ತರತಕ್ಕದ್ದು.

ಸದರಿ ಲಕ್ಷ್ಮೀಶ ಅವರು "ನೀನ್ಯಾಕೆ ಒದ್ದಾಡ್ತೀಯ ಸಿರಿ, ನಾನೇ ಜೋಡಿಸಿ ಕಳಿಸ್ತೀನಿ, ನೀನು ಬಟನ್ ಒತ್ತಿದ್ರೆ ಆಯ್ತಲ್ಲ" ಎಂದು ಫೋನಿನಲ್ಲಿ ಮೂರು ಸಲ ಹೇಳಿದ್ದು, ಮೂರನೇ ಸಲಕ್ಕೆ ಸಿರಿ ಫೋನು ಕೆಳಗಿಟ್ಟು ನೋಟ್‌ಬುಕ್ಕಿನ ಸಮೇತ ಹಿತ್ತಲಿಗೆ ಹೋಗಿ ಪಟ್ಟಿಯನ್ನು ಮೊದಲಿಂದ ಓದಿದ್ದು ಇಲಾಖೆಯ ಗಮನಕ್ಕೆ ಬಂದಿದೆ. ಹುಡುಗಿಗೆ ತಾನೇ ಜೋಡಿಸಿದ ಕಂಪ್ಯೂಟರೇ ಬೇಕು. ಇದರಲ್ಲಿ ಇಲಾಖೆಗೆ ಯಾವುದೇ ಅನುಮಾನವಿರುವುದಿಲ್ಲ.

ಹೀಗಿರುವಲ್ಲಿ, ಹೋದ ಭಾನುವಾರ ಬಿಡಿಭಾಗಗಳು ಮನೆಗೆ ಬಂದು, ಸಿರಿ ಸ್ನಾನಕ್ಕೆ ಹೋಗಿದ್ದ ಅವಧಿಯಲ್ಲಿ ಸುಮಿತ್ರಮ್ಮನವರು ಅವುಗಳ ತಪಾಸಣೆ ಕೈಗೊಂಡರು. ಈ ಮನೆಯಲ್ಲಿ ಅರವತ್ತು ವರ್ಷದಿಂದ ಅಟ್ಟದ ಮೇಲಿನ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಲೊಡಲೊಡ ಎಂದರೆ ಕೊಬ್ಬರಿಯಾಗಿದೆ, ಸುಮ್ಮನಿದ್ದರೆ ಇನ್ನೂ ಹಸಿ ಎಂದು ತೀರ್ಮಾನಿಸುವವರು ಅವರೇ. ಅದೇ ಪ್ರಕಾರ ಒಂದೊಂದು ಭಾಗವನ್ನೂ ಅಲ್ಲಾಡಿಸಿ ನೋಡಿದ್ದಾರೆ. ಕರೆಂಟು ಹಂಚುವ ಕಪ್ಪು ಡಬ್ಬಿ, ಅಂದರೆ ಪವರ್ ಸಪ್ಲೈ, ಲೊಡಲೊಡ ಎಂದಿತು. ಅದನ್ನು ಬಲಿತದ್ದೆಂದು ಮೇಜಿನ ಮೇಲಿಟ್ಟರು. ಗ್ರಾಫಿಕ್ಸ್ ಕಾರ್ಡ್ ತುಟಿಪಿಟಕ್ಕೆನ್ನಲಿಲ್ಲ. ಅದನ್ನು ಅಟ್ಟಕ್ಕೆ ಹಾಕಿಸಿದರು.

ಗ್ರಾಫಿಕ್ಸ್ ಕಾರ್ಡ್ ಕಳುವಾಗಿದೆಯೆಂದು ಸಿರಿ ಒಂದು ರಾತ್ರಿ ಪೂರ್ತಿ ಊಟ ಬಿಟ್ಟಿದ್ದು, ಮಾರನೆಯ ದಿನ ಅದು ಕಾಯಿಗಳ ನಡುವೆ ಪತ್ತೆಯಾಗಿರುತ್ತದೆ. ಆಗ ಈ ಇಲಾಖೆಯು ಸಿಟ್ಟಿನಲ್ಲಿ ಸುತ್ತೋಲೆ 16 ಹೊರಡಿಸಿ, ಸುಮಿತ್ರಮ್ಮನವರು ಯಾವುದೇ ಬಿಡಿಭಾಗವನ್ನು ಮುಟ್ಟಕೂಡದೆಂದು ನಿರ್ಬಂಧಿಸಿತು. ಇಲಾಖೆಯ ಮುಖ್ಯಸ್ಥರನ್ನು ಉದ್ದೇಶಿಸಿದ ಅವರ ಆಕ್ಷೇಪಣೆಯನ್ನು ಯಥಾವತ್ತಾಗಿ ಇಲ್ಲಿ ದಾಖಲಿಸಲಾಗಿದೆ: "ಲೋ ಇಂದುಧರ, ನಿಂಗೆ ಬುದ್ಧಿ ಬರೋಕ್ಮುಂಚೆ ಕಾಯಿ ನೋಡಿದ ಕಿವಿ ಕಣೋ ಇದು. ಆ ಕರೀ ಡಬ್ಬಿ ಲೊಡಲೊಡ ಅಂತೈತೆ. ಬಂದಿರೋ ಸಾಮಾನ್ನಾಗೆಲ್ಲ ಬಲ್ತಿರೋದು ಅದೊಂದೇಯ."

ಇದನ್ನು ಕೇಳಿದ ಸಿರಿ ಬೆಚ್ಚಿ, ತಿನ್ನುತ್ತಿದ್ದ ರೊಟ್ಟಿ ಬಿಟ್ಟು ಎದ್ದು, ಟಾರ್ಚ್ ಹಿಡಿದು ಡಬ್ಬಿಯ ಜಾಲರಿಯೊಳಗೆ ಇಣುಕಿದಳು. ಫ್ಯಾನಿನ ನಾಲ್ಕು ಸ್ಕ್ರೂ ನಾಲ್ಕೂ ಸ್ವಸ್ಥಾನದಲ್ಲಿದ್ದವು. ಐದನೆಯದೊಂದು ಒಳಗೆ ಉರುಳಾಡುತ್ತಿತ್ತು. ಅದು ತಯಾರಾಗುವಾಗಲೇ ಒಳಗೆ ಬಿದ್ದದ್ದು. ಹಾಗೆಯೇ ಕರೆಂಟು ಕೊಟ್ಟಿದ್ದರೆ ಎಂಟು ತಿಂಗಳ ನೋಟ್‌ಬುಕ್ಕು ಹೊಗೆಯಾಗುತ್ತಿತ್ತು. ಡಬ್ಬಿಯನ್ನು ಸುಮಿತ್ರಮ್ಮನವರ ಕಿವಿಗೆ ಬೀಳದಂತೆ ವಾಪಸು ಕಳಿಸಲಾಗಿ, ಬದಲಿ ಡಬ್ಬಿ ನಿನ್ನೆ ಸಂಜೆಯ ಬಸ್ಸಿಗೆ ಬಂದಿದೆ. ಹೆತ್ತ ತಾಯಿಯ ಮೇಲೆ ಸುತ್ತೋಲೆ ಹೊರಡಿಸಿದ್ದಕ್ಕೆ ಈ ಇಲಾಖೆಗೆ ನಾಚಿಕೆಯಾಗಿದೆ. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ.

ಆದೇಶ:

1. ಪ್ರೊಸೆಸರ್ ಮತ್ತು ಮದರ್‌ಬೋರ್ಡುಗಳ ಜಾತಕ-ಸಾಲಾವಳಿಯನ್ನು ಸಿರಿ ಎಂಟು ತಿಂಗಳು ಕೂತು ನೋಡಿ ಕೂಡಿಸಿದ್ದು, ಅದನ್ನು ಯಾರೂ ಮರುಪರಿಶೀಲಿಸತಕ್ಕದ್ದಲ್ಲ. ಪ್ರೊಸೆಸರ್ ತನ್ನ ಗೂಡಿನಲ್ಲಿ ತಾನಾಗಿ ಕೂರತಕ್ಕದ್ದು. "ಒಸಿ ಒತ್ತು, ಕೂತ್ಕತದೆ" ಎಂಬ ಇಂದ್ರೇಶ್ ಅವರ ಸಲಹೆಯನ್ನು ಈ ಮೂಲಕ ತಿರಸ್ಕರಿಸಲಾಗಿದೆ.

2. ಕ್ಯಾಬಿನೆಟ್ಟಿನೊಳಗೆ ಗ್ರಾಫಿಕ್ಸ್ ಕಾರ್ಡ್ ಹಿಡಿಯುವುದೇ ಎಂದು ಇಂದ್ರೇಶ್ ಅವರು ಗೇಣಿನಲ್ಲಿ ಅಳೆದು "ಧಾರಾಳ ಹಿಡಿಯುತ್ತೆ" ಎಂದು ವರದಿ ಮಾಡಿರುತ್ತಾರೆ. ಕ್ಯಾಬಿನೆಟ್ಟನ್ನು ಹೆಂಡತಿಯ ಗೇಣಿನಲ್ಲೂ ಕಾರ್ಡನ್ನು ತಮ್ಮ ಗೇಣಿನಲ್ಲೂ ಅಳೆದಿರುವುದು ವಿಚಾರಣೆಯಲ್ಲಿ ಕಂಡುಬಂದಿದೆ. ಇನ್ನು ಮುಂದೆ ಸಿರಿಯ ಬಲಗೈ ಗೇಣೇ ಇಲಾಖಾ ಗೇಣು. ಅದೂ ಸಾಲದಾದಲ್ಲಿ ಟೇಪು ಬಳಸಬಹುದು.

3. ರ‍್ಯಾಮ್ ಒಂಟಿಯಾಗಿ ತರಬಾರದು, ಜೋಡಿ ತರಬೇಕೆಂದು ಸುಮಿತ್ರಮ್ಮನವರು ಅಪ್ಪಣೆ ಮಾಡಿದ್ದು, ಸಿರಿಯ ನೋಟ್‌ಬುಕ್ಕಿನ 41ನೇ ಪುಟವೂ ಅದನ್ನೇ ಹೇಳುತ್ತದೆ. ಅಂಗೀಕರಿಸಲಾಗಿದೆ.

4. ಪ್ರೊಸೆಸರಿನ ನೆತ್ತಿಗೆ ಹಚ್ಚುವ ತಂಪಿನ ಪೇಸ್ಟನ್ನು ಕಡಲೆಕಾಳಿನಷ್ಟೇ ಹಾಕತಕ್ಕದ್ದು. ಹೋಳಿಗೆಗೆ ತುಪ್ಪ ಬಡಿಸುವ ರೀತಿಯ ಔದಾರ್ಯವನ್ನು ನಿಷೇಧಿಸಲಾಗಿದೆ.

5. ಕಂಪ್ಯೂಟರಿನ ಹಿಂಭಾಗದ ಫ್ಯಾನಿನಿಂದ ಬೆಚ್ಚಗಿನ ಗಾಳಿ ಬರುವುದೆಂಬ ಮಾಹಿತಿ ಸೋರಿಕೆಯಾಗಿದ್ದು, ಅಲ್ಲಿ ಸಂಡಿಗೆ ಒಣಗಿಸಲು ಜಾಗ ಕೋರಿ ಈಗಾಗಲೇ ಎರಡು ಅರ್ಜಿಗಳು ಬಂದಿವೆ. ಎರಡನ್ನೂ ವಜಾ ಮಾಡಲಾಗಿದೆ. ಹಪ್ಪಳದ ಅರ್ಜಿ ಪರಿಶೀಲನೆಯಲ್ಲಿದೆ.

6. ಸುತ್ತೋಲೆ 16ನ್ನು ಹಿಂಪಡೆದು, ಸುಮಿತ್ರಮ್ಮನವರನ್ನು ಖಾಯಂ ಬಿಡಿಭಾಗ ತಪಾಸಣಾಧಿಕಾರಿ ಎಂದು ನೇಮಿಸಲಾಗಿದೆ. ಅವರು ಪ್ರತಿ ಭಾಗವನ್ನೂ ನಿಧಾನವಾಗಿ, ಕೂತುಕೊಂಡು, ತೊಡೆಯ ಮೇಲೆ ಟವೆಲ್ ಹಾಸಿಕೊಂಡು ಅಲ್ಲಾಡಿಸತಕ್ಕದ್ದು.

7. ಅವರ ಕಿವಿ ಸರಿಯಿದ್ದು ತೀರ್ಪು ಮಾತ್ರ ತದ್ವಿರುದ್ಧವಾಗಿರುವುದರಿಂದ, ತೀರ್ಪನ್ನು ತಿರುಗಿಸಿ ಜಾರಿ ಮಾಡತಕ್ಕದ್ದು. "ಬಲ್ತೈತೆ" ಎಂದರೆ ಅಂಗಡಿಗೆ ವಾಪಸು. "ಹಸಿ" ಎಂದರೆ ಕಂಪ್ಯೂಟರಿಗೆ. ಹಸಿ ಎಂದ ಭಾಗವನ್ನು ಅವರ ಕಣ್ಣೆದುರಿಗೇ ಅಟ್ಟದ ಏಣಿಯವರೆಗೆ ಗೌರವಪೂರ್ವಕವಾಗಿ ಒಯ್ದು, ಹಿತ್ತಲ ಬಾಗಿಲಿನಿಂದ ಸಿರಿಯ ಕೋಣೆಗೆ ತಲುಪಿಸತಕ್ಕದ್ದು. ಈ ಕಂಡಿಕೆ ಗೋಪ್ಯ.

8. ಗುಂಡಿ ಒತ್ತುವ ಹಕ್ಕಿಗಾಗಿ ತಯಾರಿಸಿದ್ದ ಜ್ಯೇಷ್ಠತಾ ಪಟ್ಟಿಯನ್ನು ರದ್ದುಪಡಿಸಲಾಗಿದೆ. ಪಟ್ಟಿಯ ಮೊದಲ ಹೆಸರು ಇಲಾಖೆಯ ಮುಖ್ಯಸ್ಥರದ್ದೇ ಆಗಿದ್ದು, ಅವರಿಗೆ ತುಂಬಾ ಆಸೆಯೂ ಇತ್ತು. ಆದರೂ ಸಿರಿಯೇ ಒತ್ತತಕ್ಕದ್ದು.

ಷರಾ (ಅದೇ ದಿನ, ಊಟಕ್ಕೆ ಎಲೆ ಹಾಕುವ ಹೊತ್ತು):

ಬದಲಿ ಡಬ್ಬಿಯನ್ನು ತಪಾಸಣಾಧಿಕಾರಿಯವರು ಮೂರು ಸಲ ಅಲ್ಲಾಡಿಸಿ, ಮುಖ ಸಿಂಡರಿಸಿ, "ಏನೂ ಸದ್ದಿಲ್ಲ ಕಣೇ ಸಿರಿ, ಶುದ್ಧ ಹಸಿ. ಅಟ್ಟಕ್ಕೆ ಹಾಕು" ಎಂದರು. ಮನೆಮಂದಿಯೆಲ್ಲ ಖುಷಿಯನ್ನು ನುಂಗಿಕೊಂಡು ಗಂಭೀರವಾಗಿ ತಲೆಯಾಡಿಸಿದರು. ಕಂಡಿಕೆ 7ರಂತೆ ಡಬ್ಬಿ ಏಣಿ ಮುಟ್ಟಿ, ಹಿತ್ತಲು ಸುತ್ತಿ ಕೋಣೆ ಸೇರಿತು.

ಜೋಡಣೆ ಮುಗಿದು ಸಿರಿ ಗುಂಡಿ ಒತ್ತಿದಳು. ಏನೂ ಆಗಲಿಲ್ಲ. ವಿಡಿಯೊ ಕರೆಯಲ್ಲಿ ಹಾಜರಿದ್ದ ಲಕ್ಷ್ಮೀಶ ಅವರು "ನಾನು ಆವತ್ತೇ ಹೇಳಿದ್ನಲ್ಲ" ಎಂದು ಶುರುಮಾಡಿದರು. ಇಂದ್ರೇಶ್ ಅವರು ಮಗಳ ಮುಖ ನೋಡಲಾಗದೆ ಗಡಿಯಾರ ನೋಡಿದರು. ಸಿರಿ ಪೆಟ್ಟಿಗೆಯ ಹಿಂದಕ್ಕೆ ಬಗ್ಗಿ, ಡಬ್ಬಿಯ ಬೆನ್ನಿಗಿದ್ದ ಪುಟ್ಟ ಸ್ವಿಚ್ಚನ್ನು ಹಾಕಿ ಮತ್ತೆ ಗುಂಡಿ ಒತ್ತಿದಳು. ಮೂರೂ ಫ್ಯಾನುಗಳು ತಿರುಗಿದವು, ಪರದೆ ಬೆಳಗಿತು. ಸಿರಿ ಅಳುತ್ತಾ ನಕ್ಕಳು. ಇಲಾಖೆಯೂ ಕನ್ನಡಕ ಒರೆಸಿಕೊಂಡಿತು.

ಅಷ್ಟರಲ್ಲಿ ತಪಾಸಣಾಧಿಕಾರಿಯವರು ಬಾಗಿಲಲ್ಲಿ ನಿಂತು, ತಿರುಗುವ ಫ್ಯಾನು ನೋಡಿ, "ನೋಡಿದ್ರಾ, ಆವತ್ತು ಲೊಡಲೊಡ ಅಂದಿದ್ದನ್ನೇ ಹಾಕಿದ್ದಕ್ಕೆ ಹೆಂಗ್ ಓಡ್ತೈತೆ!" ಎಂದರು. ಸಿರಿ ಹೋಗಿ ಅವರನ್ನು ತಬ್ಬಿಕೊಂಡು "ಹೂಂ ಅಜ್ಜಿ, ನಿನ್ ಕಿವಿಯಿಂದ್ಲೇ ಆಗಿದ್ದು" ಎಂದಳು. ಇದು ಸುಳ್ಳಲ್ಲವೆಂದು ಇಲಾಖೆ ದೃಢೀಕರಿಸುತ್ತದೆ.

(ಸಹಿ)
ಇಂದುಧರ
ನಿವೃತ್ತ ಶಿರಸ್ತೇದಾರರು, ಮನೆವಾರ್ತೆ ಇಲಾಖೆಯ ಮುಖ್ಯಸ್ಥರು ಹಾಗೂ ಸಿರಿಯ ದೊಡ್ಡಪ್ಪ

ಪ್ರತಿಗಳು:
1. ಶ್ರೀ ಇಂದ್ರೇಶ್ ಅವರಿಗೆ, ಒಂದು ಟೇಪಿನ ಸಮೇತ.
2. ಶ್ರೀ ಲಕ್ಷ್ಮೀಶ, ಅರಸೀಕೆರೆ, ಇವರಿಗೆ, ಮಾಹಿತಿಗಾಗಿ. ಈ ಪ್ರತಿಯನ್ನು ಸದರಿ ಕಂಪ್ಯೂಟರಿನಲ್ಲೇ ಟೈಪು ಮಾಡಿ ಕಳಿಸಲಾಗಿದೆ.
3. ಹಪ್ಪಳದ ಅರ್ಜಿದಾರರಿಗೆ, ತಾಳ್ಮೆಯಿಂದಿರಲು.
4. ಎರಡನೇ ಕಂಬಕ್ಕೆ, ಅಂಟಿಸಲು.
5. ಶ್ರೀಮತಿ ಸುಮಿತ್ರಮ್ಮನವರಿಗೆ, ಸಿರಿಯೇ ಪಕ್ಕದಲ್ಲಿ ಕೂತು ಓದಿ ಹೇಳತಕ್ಕದ್ದು. ಕಂಡಿಕೆ 6 ಅನ್ನು ಎರಡು ಸಲ ಓದುವುದು. ಡಬ್ಬಿ ವಾಪಸು ಹೋದ ಸಂಗತಿ ಹಾಗೂ ಕಂಡಿಕೆ 7 ಬಂದಾಗ ಕೆಮ್ಮುವುದು.