ಪಂಚಮಿಗೆ ಹೋಗಿ ಬಂದ ಬ್ಯಾಗ್

ಕೆಲವು ಮನೆಗಳಿಗೆ ತೊಂದರೆ ಅಂಚೆಯಲ್ಲಿ ಬರುತ್ತದೆ, ಕೆಲವು ಮನೆಗಳಿಗೆ ಫೋನಿನಲ್ಲಿ. ನಮ್ಮ ಮನೆಗೆ ಅದು ಎದುರು ಬಾಗಿಲಿನಿಂದ ಉಡುಗೊರೆಯಾಗಿ ಬರುತ್ತದೆ.

ಉರ್ವದ ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಎರಡೇ ಮನೆ. ಒಂದರಲ್ಲಿ ನಾನು, ಗಣಿತ ಕಲಿಸುವ ನನ್ನ ಹೆಂಡತಿ, ನನ್ನ ಅಮ್ಮ. ಎದುರಿನದರಲ್ಲಿ ಗಲ್ಫಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದು ಊರಿಗೆ ಮರಳಿದ ಕೊಂಕಣಿ ಕ್ರಿಶ್ಚಿಯನ್ ಮಹಿಳೆ ಮತ್ತು ಅವರ ಮಗಳು. ಅವರನ್ನು ನಾವು ಸಿಸ್ಟರ್ ಎನ್ನುತ್ತೇವೆ. ನನ್ನ ಹೆಂಡತಿಯನ್ನು ಅವರು ಟೀಚರ್ ಎನ್ನುತ್ತಾರೆ. ನನ್ನನ್ನು ಏನೂ ಎನ್ನುವುದಿಲ್ಲ. ಬಾಗಿಲು ತೆರೆದವ ನಾನಾದರೆ, "ಟೀಚರ್ ಇಲ್ಲವಾ?" ಎಂದು ಕೇಳುತ್ತಾರೆ.

ಚೌತಿಯ ಹೊತ್ತಿಗೆ ಇಲ್ಲಿಂದ ಪತ್ರೊಡೆ ಅಲ್ಲಿಗೆ ಹೋಗುತ್ತದೆ. ಕ್ರಿಸ್ಮಸಿಗೆ ಅಲ್ಲಿಂದ ತಿಂಡಿಯ ತಟ್ಟೆ ಇಲ್ಲಿಗೆ ಬರುತ್ತದೆ. ಒಂದು ವರ್ಷ ಅಮ್ಮ ಆ ತಟ್ಟೆಯ ಕೇಕನ್ನು ಮೂರು ತುಂಡು ತಿಂದು, ಮಧ್ಯಾಹ್ನ ಮಲಗಿದವರು ದೀಪ ಹಚ್ಚುವ ಹೊತ್ತಿಗೂ ಏಳಲಿಲ್ಲ. ಕೇಕಿಗೆ ರಮ್ ಹಾಕಿದ್ದು ಗೊತ್ತಾದಾಗ ನಾವು ಹೆದರಿದೆವು. ಎದ್ದ ಮೇಲೆ ಅಮ್ಮನಿಗೂ ಹೇಳಿದೆವು. "ಹಾಗಾದರೆ ಅದು ಮದ್ದು. ಮೊಣಕಾಲು ನೋವು ಹೋಯಿತು. ಇನ್ನೊಂದು ತುಂಡು ಉಂಟಾ ನೋಡು" ಎಂದರು.

ಹೀಗೆ ಉಡುಗೊರೆಗಳಿಂದ ನಮಗೆ ಲಾಭವೇ ಆಗಿತ್ತು, ಬ್ಯಾಗ್ ಬರುವವರೆಗೆ.

ಚೀಲಕ್ಕೊಂದು ಚೀಲ

ಸಿಸ್ಟರ್ ಮಗಳು ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ಮುಳುಗುವವಳಿದ್ದಳು. ನನ್ನ ಹೆಂಡತಿ ಒಂದು ವರ್ಷ ಊಟದ ಮೇಜಿನ ಮೇಲೆ ಪಾಠ ಹೇಳಿ ಅವಳನ್ನು ದಡ ಹತ್ತಿಸಿದಳು. ವರ್ಷಗಳು ಕಳೆದು ಆ ಹುಡುಗಿಗೆ ಈಗ ಮದುವೆ ಗೊತ್ತಾಯಿತು. ಆ ಸಂತೋಷಕ್ಕೆ ಸಿಸ್ಟರ್ ಒಂದು ಪೆಟ್ಟಿಗೆ ಹಿಡಿದುಕೊಂಡು ಬಂದರು. ಪೆಟ್ಟಿಗೆಯೊಳಗೆ ಒಂದು ಬಿಳಿ ಬಟ್ಟೆಯ ಚೀಲ, ಅದರೊಳಗೆ ಕಂದು ಬಣ್ಣದ ಕೈಚೀಲ.

"ಅಲ್ಲಿ ನಾನು ನೋಡಿಕೊಳ್ಳುತ್ತಿದ್ದ ಅಜ್ಜಿ ಕೊಟ್ಟದ್ದು ಟೀಚರೇ. ದೊಡ್ಡ ಕಂಪನಿದು, ಒರಿಜಿನಲ್ ಲೆದರ್. ನನ್ನ ಹತ್ತಿರ ಸುಮ್ಮನೆ ಬಿದ್ದುಕೊಂಡುಂಟು. ರೋಸಿಗೂ ಮದುವೆಗೂ ನೀವು ಇದನ್ನೇ ಹಿಡಿದುಕೊಂಡು ಬರಬೇಕು. ಗಂಡಿನ ಕಡೆಯವರು ನೋಡಲಿ, ನನ್ನ ಮಗಳಿಗೆ ಪಾಠ ಹೇಳಿದವರು ಯಾರೂಂತ."

ರೋಸ್ ಎಂದರೆ ಅವರಲ್ಲಿ ಮದುವೆಯ ಹಿಂದಿನ ದಿನದ ಶಾಸ್ತ್ರ. ಹೆಂಡತಿ ಒಪ್ಪಿಕೊಂಡಳು. ಕಣ್ಣಲ್ಲಿ ನೀರಿಟ್ಟುಕೊಂಡು ಕೊಟ್ಟ ಸಿಸ್ಟರಿಗೆ ಬೇಡವೆನ್ನಲು ಯಾರಿಂದಲೂ ಸಾಧ್ಯವಿರಲಿಲ್ಲ.

ಬ್ಯಾಗ್ ದಿನಬಳಕೆಗೆ ತುಂಬ ಹೆಚ್ಚಾಯಿತೆಂದು ಕಪಾಟು ಸೇರಿತು. ಅದರ ಬಟ್ಟೆಯ ಚೀಲ ಮಾತ್ರ ಗಟ್ಟಿಯಾಗಿದೆ, ತೊಳೆಯಬಹುದು ಎಂದು ಉರ್ವ ಮಾರ್ಕೆಟಿಗೆ ಹೋಗತೊಡಗಿತು. ಲೋಕಪ್ರಸಿದ್ಧ ಕಂಪನಿಯ ಹೆಸರು ಹೊತ್ತ ಆ ಚೀಲದಲ್ಲಿ ನಮ್ಮ ಮನೆಗೆ ಬಸಳೆ ಬಂತು, ಬಂಗುಡೆ ಬಂತು. ಒಂದು ದಿನ ಮೀನು ಮಾರುವ ಹೆಂಗಸು ಆ ಹೆಸರನ್ನೇ ನೋಡಿ ಕೇಳಿದಳಂತೆ: "ಇದು ಯಾವ ಜವಳಿ ಅಂಗಡಿದು ಅಕ್ಕಾ? ಎಷ್ಟು ಸೀರೆ ತೆಗೊಂಡರೆ ಕೊಡ್ತಾರೆ?"

ಒಳ್ಳೆಯ ದಿನ

ಎದುರು ಮನೆಯವರು ಕೊಟ್ಟ ಉಡುಗೊರೆಗೆ ಎದುರು ಮನೆಯವರೇ ಕಾವಲು. ಸಿಸ್ಟರ್ ವಾರಕ್ಕೊಮ್ಮೆ, "ಟೀಚರೇ, ಬ್ಯಾಗ್ ತೆಗೆದಿರಾ?" ಎಂದು ಕೇಳುತ್ತಿದ್ದರು. ಕಡೆಗೆ ಹೆಂಡತಿ, ಒಳ್ಳೆಯ ದಿನ ನೋಡಿ ಉಪಯೋಗಿಸಲು ಶುರು ಮಾಡುತ್ತೇನೆ ಎಂದಳು. ಕ್ಯಾಲೆಂಡರಿನ ಅಧಿಕಾರ ಅಮ್ಮನದು.

"ನಾಗರ ಪಂಚಮಿ ಬಂತಲ್ಲ. ಅದಕ್ಕಿಂತ ಒಳ್ಳೆಯ ದಿನ ಎಲ್ಲಿಂದ ತರುವುದು?" ಎಂದರು ಅಮ್ಮ.

ಪಂಚಮಿಯ ದಿನ ನಾವು ಕುಟುಂಬದ ನಾಗಬನಕ್ಕೆ ಹೋಗುತ್ತೇವೆ. ಅಲ್ಲಿಯ ನಾಗನ ಕಲ್ಲಿಗೆ ಹಾಲು, ಎಳನೀರು ಎರೆದು ತಂಬಿಲವೆಂಬ ಸೇವೆ ಕೊಟ್ಟು ಬರುತ್ತೇವೆ. ಆ ವರ್ಷ ಎಳನೀರಿನ ಗೊನೆ ನನ್ನ ಹೆಗಲ ಮೇಲಿತ್ತು. ಅರಸಿನ ಪುಡಿ, ಪಿಂಗಾರವೆನ್ನುವ ಅಡಿಕೆ ಹೂ, ಕೇದಗೆಯೆಲ್ಲ ಹೊಸ ಬ್ಯಾಗಿನಲ್ಲಿತ್ತು. ಕುಟುಂಬದ ಹೆಂಗಸರು ಪೂಜೆಗಿಂತ ಮೊದಲು ಬ್ಯಾಗನ್ನು ನೋಡಿದರು. ಒಬ್ಬರು ಮುಟ್ಟಿ, "ಎಂಥ ಡಿಸೈನ್ ಮಾರಾಯ್ತಿ!" ಎಂದರು. ಅದು ಅನಾನಸಿನ ಸಿಪ್ಪೆಯ ಡಿಸೈನ್ ಎಂದು ಅಮ್ಮ ವಿವರಿಸಿದರು. ಹೆಂಡತಿ ಬ್ಯಾಗನ್ನು ನಾಗನ ಕಲ್ಲಿನ ಎದುರಿಗೇ ಇಟ್ಟು, ಮನೆಯವರನ್ನೆಲ್ಲ ಕಾಪಾಡಪ್ಪಾ ಎಂದು ಕೈಮುಗಿದಳು.

ಮರಳುವಾಗ ಅಮ್ಮನಿಗೆ ಬಹಳ ಸಮಾಧಾನ. "ಈ ಸಲ ನಾಗನ ದೃಷ್ಟಿ ನಮ್ಮ ಮೇಲೆ ಬಿತ್ತು, ನನಗೆ ಗೊತ್ತಾಯಿತು" ಎಂದರು.

ಬಿದ್ದಿತ್ತು ಎಂಬುದರಲ್ಲಿ ಈಗ ನನಗೂ ಸಂಶಯವಿಲ್ಲ.

ಹಂಪನಕಟ್ಟೆಯ ತೀರ್ಪು

ನಮ್ಮ ಮಳೆಗಾಲ ಯಾವ ಕಂಪನಿಗೂ ಮರ್ಯಾದೆ ಕೊಡುವುದಿಲ್ಲ. ಅಕ್ಟೋಬರಿನಲ್ಲಿ ಕಪಾಟು ತೆರೆದಾಗ ಬ್ಯಾಗಿನ ಮೇಲೆ ಬಿಳಿ ಬೂಷ್ಟು ಹಿಡಿದಿತ್ತು. ಮದುವೆಗೆ ಇದ್ದದ್ದು ಇನ್ನು ಮೂರು ವಾರ. ಸಿಸ್ಟರ್ ನೋಡುವ ಮೊದಲು ಸರಿ ಮಾಡಿಸಿ ತನ್ನಿ ಎಂದು ಹೆಂಡತಿ ನನ್ನನ್ನು ಓಡಿಸಿದಳು.

ಹಂಪನಕಟ್ಟೆಯ ಓಣಿಯೊಂದರಲ್ಲಿ ಬ್ಯಾಗ್, ಸೂಟ್‌ಕೇಸ್ ರಿಪೇರಿ ಮಾಡುವವರೊಬ್ಬರಿದ್ದಾರೆ. ಗಲ್ಫಿನಿಂದ ಬಂದ ಪೆಟ್ಟಿಗೆಗಳಿಗೆಲ್ಲ ಚಕ್ರ ಹಾಕಿಯೇ ಅವರ ಕೂದಲು ಹಣ್ಣಾಗಿದೆ. ಬೂಷ್ಟು ಒರೆಸಿದರು. ಹೆಬ್ಬೆರಳಿನಿಂದ ಒಮ್ಮೆ ಕೆಳಕ್ಕೆ ಸವರಿದರು, ಒಮ್ಮೆ ಮೇಲಕ್ಕೆ ಸವರಿದರು. ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಸಾರ್, ಇದು ಹಾವು."

ನಾನು ಕಾಲು ಮೇಲೆತ್ತಿದೆ. "ಎಲ್ಲಿ?"

"ಕೆಳಗಲ್ಲ ಸಾರ್. ಇದೇ, ನೀವು ತಂದದ್ದು. ಹಾವಿನ ಚರ್ಮ."

"ಯಾವ ಹಾವು?"

"ಅದು ನನಗೆ ಹೇಗೆ ಗೊತ್ತು? ಜೀವ ಇರುವಾಗ ಯಾವುದೂ ನನ್ನ ಅಂಗಡಿಗೆ ಬಂದದ್ದಿಲ್ಲ."

ಸಿಟಿ ಬಸ್ಸಿನಲ್ಲಿ ಮರಳುವಾಗ ಪಕ್ಕದ ಸೀಟು ಖಾಲಿಯಿತ್ತು. ಬ್ಯಾಗನ್ನು ಅಲ್ಲಿ ಕೂರಿಸಿ ನಾನು ಈಚೆ ಸರಿದು ಕೂತೆ. ಎರಡು ಸ್ಟಾಪ್ ಕಳೆದು ಜನ ಹತ್ತಿದಾಗ ಕಂಡಕ್ಟರ್ ಬಂದ. "ಬ್ಯಾಗ್ ತೊಡೆ ಮೇಲೆ ಇಟ್ಟುಕೊಳ್ಳಿ ಸಾರ್. ಅದೆಂತ, ಕಚ್ಚುತ್ತದಾ?"

ಭಟ್ಟರಿಗೆ ನಾಲ್ಕು ಫೋಟೋ

ವಿಷಯ ಕೇಳಿದ ಹೆಂಡತಿ ಕುರ್ಚಿಯಲ್ಲಿ ಕೂತಳು. ಗಣಿತದವರು ಹಂತ ಹಂತವಾಗಿ ಯೋಚಿಸುತ್ತಾರೆ.

"ಪಂಚಮಿಯ ದಿನ ನಾನು ಇದನ್ನು ಹಿಡಿದುಕೊಂಡು ಬನಕ್ಕೆ ಹೋದೆ."

"ಹೌದು."

"ಕಲ್ಲಿನ ಎದುರಿಗೇ ಇಟ್ಟೆ."

"ಹೌದು."

"ಅವನ ಎದುರಿಗೆ ಅವನದ್ದೇ..." ಎಂದವಳು ಮುಂದಿನ ಹಂತ ಬರೆಯಲಿಲ್ಲ.

ನಮ್ಮ ಕಡೆ ದಾರಿಯಲ್ಲಿ ನಾಗರಹಾವು ಸತ್ತು ಬಿದ್ದಿದ್ದರೆ ಯಾರೂ ಹಾಗೇ ದಾಟಿ ಹೋಗುವುದಿಲ್ಲ. ಮನುಷ್ಯರಿಗೆ ಮಾಡುವ ಹಾಗೆ ಸಂಸ್ಕಾರ ಮಾಡಿಸಿ ದಹನ ಮಾಡುತ್ತಾರೆ. ಬ್ಯಾಗ್ ನಾಗರಹಾವಿನದಾದರೆ ಅದನ್ನು ಕೈಯಲ್ಲಿ ಹಿಡಿಯುವ ಮಾತೇ ಇಲ್ಲ. ಹಿಡಿಯದಿದ್ದರೆ ಸಿಸ್ಟರ್ ಮನಸ್ಸು ಮುರಿಯುತ್ತದೆ. ಎರಡು ಬಾಗಿಲುಗಳ ನಡುವಿನ ಇಷ್ಟು ವರ್ಷದ ಸ್ನೇಹ ಈಗ ಯಾವ ಹಾವು ಎಂಬುದರ ಮೇಲೆ ನಿಂತಿತು.

ಅಮ್ಮನಿಗೆ ಹೇಳುವುದು ಬೇಡ ಎಂದು ತೀರ್ಮಾನಿಸಿದೆವು. ಬ್ಯಾಗನ್ನು ಮತ್ತೆ ಕಪಾಟಿಗೆ ಸೇರಿಸದೆ ಹಿಂದಿನ ಬಾಲ್ಕನಿಯ ವಾಷಿಂಗ್ ಮಷಿನಿನ ಮೇಲಿಟ್ಟೆವು. ಹತ್ತು ನಿಮಿಷದಲ್ಲಿ ಅಮ್ಮ ಕೇಳಿದರು: "ಅದನ್ನು ಎಂತಕ್ಕೆ ಹೊರಗೆ ಹಾಕಿದ್ದು? ಮುಟ್ಟಾಗಿದೆಯಾ ಅದಕ್ಕೆ?"

ಹೇಳಲೇಬೇಕಾಯಿತು. ಅಮ್ಮ ಕಿರುಚಲಿಲ್ಲ, ನೇರ ನಮ್ಮ ಮನೆಯ ಪೂಜೆ ಮಾಡಿಸುವ ಭಟ್ಟರಿಗೆ ಫೋನ್ ಹಚ್ಚಿಸಿದರು. ಭಟ್ಟರು ಶಾಂತವಾಗಿ ಕೇಳಿ, ಫೋಟೋ ಕಳಿಸಿ ಎಂದರು. ನಾಲ್ಕು ದಿಕ್ಕಿನಿಂದ ನಾಲ್ಕು ಫೋಟೋ ಕಳಿಸಿದೆ. ಮೊದಲ ಉತ್ತರ ಬಂತು: "ಚಂದ ಉಂಟು." ಆಮೇಲೆ ಫೋನೇ ಬಂತು.

"ನೋಡಿ, ಪೆರ್ಮರಿಯಾದರೆ, ಅಂದರೆ ಹೆಬ್ಬಾವಾದರೆ, ಈ ವಿಧಿ ಯಾವುದೂ ಇಲ್ಲ. ನಾಗನೇ ಆದರೆ ಸಂಸ್ಕಾರ ಆಗಬೇಕು. ಫೋಟೋದಲ್ಲಿ ನನಗೆ ಗೊತ್ತಾಗುವುದಿಲ್ಲ. ತಿಳಿದವರಿಗೆ ತೋರಿಸಿ."

ಹೆಂಡತಿ ಮೆಲ್ಲಗೆ ಕೇಳಿದಳು, "ದಹನ ಮಾಡುವುದಾದರೆ ಇದರಲ್ಲಿ ಝಿಪ್, ಬಕಲ್ ಎಲ್ಲ ಉಂಟಲ್ಲ ಭಟ್ರೇ?"

ಭಟ್ಟರು ಹೇಳಿದರು: "ಆಭರಣ ಮೊದಲೇ ತೆಗೆದಿಡುವ ಕ್ರಮ ಉಂಟು."

ಕಪಾಟಿನಲ್ಲಿ ಹಾವು

ತಿಳಿದವರೆಂದರೆ ಹಾವು ಹಿಡಿಯುವವರು. ಬಿಜೈ ಕಡೆ ಒಬ್ಬರಿದ್ದಾರೆಂದು ವಾಚ್‌ಮನ್ ನಂಬರ್ ಕೊಟ್ಟ. ಫೋನ್ ಮಾಡಿ, ನಮ್ಮ ಮನೆಯಲ್ಲಿ ಒಂದು ಹಾವುಂಟು, ಯಾವುದೆಂದು ನೋಡಿ ಹೇಳಬೇಕು ಎಂದೆ.

"ಈಗ ಎಲ್ಲಿ ಉಂಟು?"

"ವಾಷಿಂಗ್ ಮಷಿನಿನ ಮೇಲೆ. ಮೊದಲು ಕಪಾಟಿನಲ್ಲಿತ್ತು."

"ಅಯ್ಯೋ, ಯಾರೂ ಹತ್ತಿರ ಹೋಗಬೇಡಿ! ಓಡಾಡ್ತಾ ಉಂಟಾ?"

"ನಾವು ಕರೆದುಕೊಂಡು ಹೋದರೆ ಮಾತ್ರ."

ಸ್ಕೂಟರಿನಲ್ಲಿ ಹದಿನೈದು ನಿಮಿಷದಲ್ಲಿ ಬಂದರು. ಒಂದು ಕೈಯಲ್ಲಿ ಕೊಕ್ಕೆ, ಇನ್ನೊಂದರಲ್ಲಿ ಗೋಣಿ. ಬಾಲ್ಕನಿಯ ಬಾಗಿಲನ್ನು ಇಂಚು ಇಂಚಾಗಿ ತೆರೆದು ಒಳಗಿಣುಕಿದರು.  ಕೊನೆಗೆ ಕೊಕ್ಕೆಯನ್ನು ಗೋಡೆಗೆ ಒರಗಿಸಿ, "ಸಾರ್, ನಾನು ಅರ್ಧ ಊಟ ಬಿಟ್ಟು ಬಂದದ್ದು" ಎಂದರು.

ಅಮ್ಮ ಅವರಿಗೆ ಬಡಿಸಿದರು. ಉಂಡು, ಕೈ ತೊಳೆದು, ಬ್ಯಾಗನ್ನು ಬೆಳಕಿಗೆ ಹಿಡಿದರು. "ನಾಗ ಅಲ್ಲ. ಇದು ಹೆಬ್ಬಾವು, ನಮ್ಮ ಕಡೆಯದ್ದೂ ಅಲ್ಲ. ಹೊರದೇಶದ್ದು."

ಅಮ್ಮ ಗಟ್ಟಿಯಾಗಿ ಉಸಿರು ಬಿಟ್ಟರು. ಹೆಂಡತಿ ಮಾತ್ರ, "ಖಂಡಿತವಾ? ಪ್ರೂಫ್ ಎಂತ?" ಎಂದಳು. ಗಣಿತದವರು.

ಆತ ಬ್ಯಾಗಿನ ಒಳಗಿನ ಸಣ್ಣ ಝಿಪ್ ಎಳೆದು ಕೈ ಹಾಕಿದರು. ಮೊದಲು ಪಂಚಮಿಯ ಅರಸಿನದ ಪೊಟ್ಟಣ ಬಂತು. ಅದರ ಹಿಂದೆ ಒಂದು ಕಾರ್ಡ್. ಹೆಬ್ಬಾವು, ಇಂಥ ದೇಶದ್ದು, ಪರವಾನಗಿ ನಂಬರ್ ಇಷ್ಟು ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಅವರು ಅದನ್ನು ನನ್ನ ಕೈಗಿಟ್ಟು ಕೇಳಿದರು: "ಮನೆಯಲ್ಲಿ ಟೀಚರ್ ಉಂಟು ಅಂದಿರಲ್ಲ, ಯಾರೂ ಓದಲಿಲ್ಲವಾ?"

ಒಂದು ಕುಡ್ತೆ ಹಾಲು

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅಮ್ಮನಿಗೆ ಮುಗಿದಿರಲಿಲ್ಲ.

"ಹೆಬ್ಬಾವೇ ಆಗಲಿ. ಎಲ್ಲಿಯೋ ಹುಟ್ಟಿ, ಯಾರದೋ ಕೈಗೆ ಸಿಕ್ಕಿ, ಕಡೆಗೆ ನಮ್ಮ ಬಾಗಿಲಿಗೆ ಬಂತು. ಪಾಪದ್ದು. ಒಂದು ಕುಡ್ತೆ ಹಾಲಾದರೂ ಎರೆಯದೆ ಮದುವೆಗೆ ಕೊಂಡುಹೋಗುವುದು ಸರಿಯಲ್ಲ."

"ಹಾಲು ಬಿದ್ದರೆ ಕಲೆ ಆಗ್ತದೆ ಅತ್ತೆ. ಸಿಸ್ಟರ್ ಎಂತ ಹೇಳಿಯಾರು?"

"ಕಲೆ ದೊಡ್ಡದಾ, ಜೀವ ದೊಡ್ಡದಾ?"

ಇಬ್ಬರೂ ನನ್ನ ಮುಖ ನೋಡಿದರು. ಇಬ್ಬರದ್ದೂ ಸರಿ ಎಂದೆ. ಮೂರು ದಿನ ಇಬ್ಬರೂ ನನ್ನೊಡನೆ ಮಾತಾಡಲಿಲ್ಲ.

ರೋಸ್

ರೋಸಿನ ಸಂಜೆ ಕಟ್ಟಡದ ಕೆಳಗೆ ಶಾಮಿಯಾನ. ಮದುಮಗಳು ನಡುವೆ ಕೂತಿದ್ದಳು. ಒಬ್ಬೊಬ್ಬರೇ ಹೋಗಿ ಅವಳ ತಲೆಗೆ, ಕೈಗೆ ತೆಂಗಿನ ಹಾಲು ಹಚ್ಚಿ ಹರಸಬೇಕು. ಹೆಂಡತಿ ಬ್ಯಾಗ್ ಹಿಡಿದುಕೊಂಡೇ ಬಂದಳು. ಹಾಲು ಎರೆಯದೆ ಬಂದ ಬ್ಯಾಗ್ ಅದು. ಅಮ್ಮ ಮುಂದಿನ ಸಾಲಿನಲ್ಲಿ ಮುಖ ಬಿಗಿದುಕೊಂಡು ಕೂತಿದ್ದರು. ಸಿಸ್ಟರ್ ಬ್ಯಾಗನ್ನು ದೂರದಿಂದಲೇ ನೋಡಿ ಕಣ್ಣರಳಿಸಿದರು. ನನಗೂ ಜೀವ ಹಗುರಾಯಿತು. ಸ್ನೇಹ ಉಳಿಯಿತು.

ಹೆಂಡತಿ ಬ್ಯಾಗನ್ನು ಮೊಣಕೈಗೆ ನೇತುಹಾಕಿಕೊಂಡು, ಬಾಗಿ ಹುಡುಗಿಯ ಹಣೆಗೆ ಹಾಲು ಹಚ್ಚಿದಳು. ಹುಡುಗಿ, "ಟೀಚರ್!" ಎಂದು ಎದ್ದು ಅಪ್ಪಿಕೊಂಡಳು. ಅದೇ ಹೊತ್ತಿಗೆ ಹಿಂದಿನಿಂದ ಅವಳ ತಲೆಗೆಂದು ದೊಡ್ಡ ಚೆಂಬು ಎತ್ತಿದ್ದ ಸೋದರತ್ತೆಯ ಎದುರು ತಲೆಯೇ ಇರಲಿಲ್ಲ. ಚೆಂಬಿನ ಹಾಲೆಲ್ಲ ಧಾರೆಯಾಗಿ, ಹುಡುಗಿಯ ಬೆನ್ನ ಹಿಂದೆ ತೂಗುತ್ತಿದ್ದ ಬ್ಯಾಗಿನ ಮೇಲೆ ಬಿತ್ತು.

ಬ್ಯಾಂಡಿನವರೂ ನಿಲ್ಲಿಸಿದರು. "ಒರೆಸಿ, ಒರೆಸಿ!" ಎಂದು ಯಾರೋ ಸಿಸ್ಟರ್ ಕೈಗೆ ಟವಲ್ ಕೊಟ್ಟರು. ಸಿಸ್ಟರ್ ಟವಲ್ ಹಿಡಿದು ಎರಡು ಹೆಜ್ಜೆ ಬಂದರು, ನಿಂತರು, ಮೂರು ಹೆಜ್ಜೆ ಹಿಂದೆ ಹೋದರು. ಸಾವಿರಾರು ಇಂಜೆಕ್ಷನ್ ಕೊಟ್ಟ ಆ ಕೈ ಟವಲನ್ನು ಎದೆಗೆ ಒತ್ತಿಕೊಂಡಿತು.

"ಕ್ಷಮಿಸಿ ಟೀಚರೇ. ನಾನು ಅದನ್ನು ಮುಟ್ಟುವುದಿಲ್ಲ. ಅದು ಹಾವಿನದು. ನನಗೆ ಹಾವೆಂದರೆ ಜೀವ ಹೋಗ್ತದೆ. ಇಷ್ಟು ವರ್ಷ ಮಂಚದ ಕೆಳಗೆ ಪೆಟ್ಟಿಗೆಯಲ್ಲಿಟ್ಟು ಸರಿಯಾಗಿ ನಿದ್ದೆ ಮಾಡಿದ್ದಿಲ್ಲ."

"ಮತ್ತೆ ನನಗೆ ಯಾಕೆ ಕೊಟ್ಟಿರಿ ಸಿಸ್ಟರ್?"

"ನಿಮ್ಮವರಿಗೆ ಹಾವೆಂದರೆ ದೇವರಲ್ಲವಾ? ನೀವಾದರೆ ಚೆನ್ನಾಗಿ ನೋಡಿಕೊಳ್ತೀರಿ ಅಂತ ಕೊಟ್ಟದ್ದು. ಬೇಡದಿದ್ದರೆ ಹಿಂದೆ ತರಬೇಡಿ, ದಯವಿಟ್ಟು ಬೇರೆ ಯಾರಿಗಾದರೂ ಕೊಡಿ."

ಎಲ್ಲರೂ ನನ್ನ ಹೆಂಡತಿಯನ್ನು ನೋಡಿದರು. ಹೆಂಡತಿ ಅಮ್ಮನನ್ನು ನೋಡಿದಳು. ಅಮ್ಮ ಮೂರು ವಾರಗಳಲ್ಲಿ ಮೊದಲ ಸಲ ಮುಖ ಸಡಿಲಿಸಿ, ಎದ್ದು ಬಂದು, ತೊಟ್ಟಿಕ್ಕುತ್ತಿದ್ದ ಬ್ಯಾಗಿಗೆ ಕೈಮುಗಿದರು.

"ಯಾರಿಗೂ ಕೊಡುವುದು ಬೇಡ. ಹಾಲು ಬಿತ್ತಲ್ಲ, ಎಲ್ಲ ಸರಿಯಾಯಿತು. ನಾನು ಕೇಳಿದ್ದು ಒಂದು ಕುಡ್ತೆ, ಸಿಸ್ಟರ್ ಮನೆಯವರು ಒಂದು ಚೆಂಬು ಎರೆದರು." ಹೆಂಡತಿಯ ಕಡೆ ತಿರುಗಿ ಹೇಳಿದರು: "ಬರುವ ಪಂಚಮಿಗೆ ಇದನ್ನೂ ಕರೆದುಕೊಂಡು ಹೋಗುವ. ಹೇಗೂ ದಾರಿ ಗೊತ್ತುಂಟಲ್ಲ ಅದಕ್ಕೆ."